ಬಾಗಿಲ ಕೆಳಗಿನ ಕೌದಿ

ಇಳಕಲ್ಲಿನ ಆ ಓಣಿಗೆ ಹೊಸಬರು ಯಾರಾದರೂ ಬೆಳಿಗ್ಗೆ ಹೊತ್ತು ಗಾಡಿ ಹಾರಿಸಿಕೊಂಡು ಬಂದರೆ ಬೈಸಿಕೊಳ್ಳದೆ ವಾಪಸು ಹೋಗುವುದಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಗೂಟದಿಂದ ಗೂಟಕ್ಕೆ, ಸೊಂಟದೆತ್ತರದಲ್ಲಿ ಹಾಸು ಚಾಚಿಕೊಂಡಿರುತ್ತದೆ. ಹಾಸು ಅಂದರೆ ಸೀರೆಯ ಉದ್ದದೆಳೆಗಳು. ಅವಕ್ಕೆ ಗಂಜಿ ಬಳಿದು, ಕುಂಚದಿಂದ ತೀಡಿ, ಒಂದೊಂದು ಎಳೆಯೂ ಬಿಡಿಯಾಗಿ ಒಣಗುವ ತನಕ ಅಲ್ಲಿ ಯಾರೂ ಕಸ ಹೊಡೆಯುವುದಿಲ್ಲ, ಹಾಸಿಗೆ ಝಾಡಿಸುವುದಿಲ್ಲ. ಹಸಿ ಗಂಜಿಯ ಮೇಲೆ ಧೂಳು ಕೂತರೆ ಮುಗಿಯಿತು, ಮಗ್ಗಕ್ಕೆ ಏರಿದ ಮೇಲೆ ಎಳೆಗಳು ಪಟಪಟನೆ ಹರಿಯುತ್ತವೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಆ ಓಣಿಯ ಮಕ್ಕಳು ಸೀನು ಬಂದರೂ ಗೋಡೆ ಕಡೆ ಮುಖ ತಿರುಗಿಸಿ ಸೀನುತ್ತವೆ.

ಈ ಶಿಸ್ತನ್ನು ಅಹ್ಮದಸಾಬನಷ್ಟು ಚಾಚೂ ತಪ್ಪದೆ ಪಾಲಿಸಿದವನು ಅಲ್ಲಿ ಇನ್ನೊಬ್ಬನಿರಲಿಲ್ಲ. ಅವನೇನು ನೇಕಾರನಲ್ಲ, ಕಲ್ಲಿನವನು. ಗ್ರಾನೈಟಿಗೆ ಪಾಲಿಶ್ ಹಿಡಿಯುವ ಫ್ಯಾಕ್ಟರಿಯಲ್ಲಿ ಹರೆಯವನ್ನೆಲ್ಲ ಕಳೆದವನು. ಸಂಜೆ ಅಲ್ಲಿನ ನಳದ ಕೆಳಗೆ ತಲೆ ತೊಳೆದು, ಅಂಗಿ ಬದಲಿಸಿಯೇ ಓಣಿಗೆ ಕಾಲಿಡುತ್ತಿದ್ದ. "ಅಹ್ಮದಸಾಬನ್ನ ನೋಡಿ ಕಲೀರಿ" ಎಂದು ಎದುರುಮನೆಯ ನೇಕಾರ ಪಾಂಡಪ್ಪ ತನ್ನ ಮನೆಯವರಿಗೇ ಹೇಳುತ್ತಿದ್ದ. ಅದನ್ನು ಕೇಳಿ ಅಹ್ಮದಸಾಬ ಒಳಗೊಳಗೇ ಉಬ್ಬುತ್ತಿದ್ದ. ಆ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳಲಿ, ಅದೇ ಕಡೆಗೆ ಮನೆಯೊಳಗಿನ ಉಸಿರಿಗೆ ಕೈ ಹಾಕಿತು.

ಅವನ ಹೆಂಡತಿ ದಸ್ತಗೀರಬಿ ಬಾದಾಮಿ ಕಡೆಯ ನೇಕಾರರ ಮನೆಯ ಹೆಣ್ಣು. ಮದುವೆಯಾಗಿ ಬಂದ ವರ್ಷವೇ ಒಳಗಿನ ಕೋಣೆಯಲ್ಲಿ ಕುಣಿ ತೋಡಿಸಿ ಮಗ್ಗ ಹಾಕಿಸಿಕೊಂಡವಳು. ಇದ್ದದ್ದೇ ಎರಡು ಕೋಣೆ. ಹೊರಗಿನದಕ್ಕೆ ಓಣಿಯ ಬಾಗಿಲು. ಒಳಗಿನದರಲ್ಲಿ ಮಗ್ಗ, ಮೂಲೆಯಲ್ಲಿ ಅಡುಗೆ. ಹಿತ್ತಲಿಲ್ಲ. ಒಳಕೋಣೆಗೆ ಸಂದಿಯ ಕಡೆ ಒಂದು ಸಣ್ಣ ಕಿಟಕಿಯಿತ್ತು, ಅದಕ್ಕೂ ಅವಳು ಹಲಗೆ ಹೊಡೆಸಿಬಿಟ್ಟಿದ್ದಳು. ಗಾಳಿ ಬಡಿದರೆ ಹಾಸು ಒಣಗಿ ಹರಿಯುತ್ತದೆ, ಕೋಣೆ ತಂಪಾಗಿ ಮುಚ್ಚಿಕೊಂಡಿದ್ದರೇ ಎಳೆಗೆ ಒಳ್ಳೆಯದು ಎಂಬುದು ಅವಳ ತವರಿನ ಪದ್ಧತಿ. ಮನೆಯಲ್ಲಿ ಅವರು ಅರ್ಧ ಉರ್ದು, ಅರ್ಧ ಕನ್ನಡ ಆಡುತ್ತಿದ್ದರು. ಜಗಳಕ್ಕೆ ಮಾತ್ರ ಪೂರ್ತಿ ಕನ್ನಡ. ಜಗಳದಲ್ಲಿ ಗೆಲ್ಲುತ್ತಿದ್ದವಳು ಯಾವಾಗಲೂ ಅವಳೇ.

ಫ್ಯಾಕ್ಟರಿಗೆ ದೊಡ್ಡ ಮಷೀನು ಬಂದು ಹಳೇ ಕೈಗಳನ್ನು ಮನೆಗೆ ಕಳಿಸಿದಾಗ ಅಹ್ಮದಸಾಬ ಎದೆಗುಂದಲಿಲ್ಲ. ಕಲ್ಲಿನ ಮೇಲೆ ಅಕ್ಷರ ಕೊರೆಯುವುದನ್ನು ಕಲಿತ. ಹೊಸ ಮನೆಗಳ ಹೆಸರು, ಗುಡಿಯ ದಾನಿಗಳ ಫಲಕ, ಗೋರಿಯ ಕಲ್ಲು, ಯಾವುದು ಬಂದರೂ ಸರಿ. ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಂಡು ಕೈಮಷೀನಿನಿಂದ ಕೊರೆಯುತ್ತಿದ್ದ. ಫ್ಯಾಕ್ಟರಿಯಲ್ಲಾದರೆ ಕಲ್ಲಿನ ಮೇಲೆ ನೀರು ಸುರಿಯುತ್ತಲೇ ಇರುತ್ತದೆ. ಇಲ್ಲಿ ನೀರು ಬಿಟ್ಟರೆ ಸೀಮೆಸುಣ್ಣ ಅಳಿಸಿ ಅಕ್ಷರವೇ ಮಾಯ. ಹಾಗಾಗಿ ಒಣಕಲ್ಲನ್ನೇ ಕೊರೆಯುತ್ತಿದ್ದ, ಪುಡಿ ಹೊಗೆಯ ಹಾಗೆ ಏಳುತ್ತಿತ್ತು.

ಮೊದಲು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಒಂದು ಬೆಳಿಗ್ಗೆ ಪಾಂಡಪ್ಪನ ಹಾಸು ಇನ್ನೂ ಹಸಿಯಿರುವಾಗಲೇ ಗಾಳಿ ದಿಕ್ಕು ಬದಲಿಸಿತು. ಕಲ್ಲಿನ ಪುಡಿಯೆಲ್ಲ ಹೋಗಿ ಗಂಜಿಗೆ ಮೆತ್ತಿಕೊಂಡಿತು. ಕುಂಚ ಹಿಡಿದು ನಿಂತಿದ್ದ ಪಾಂಡಪ್ಪ ಕೆಂಡವಾದ.

"ಏ ಅಹ್ಮದ್ಯಾ! ಕಣ್ಣ ಅದಾವೋ ಇಲ್ಲೋ ನಿನಗ? ನಿನ್ನ ಕಲ್ಲಿನ ಬೂದಿ ನಿನ್ನ ಮನ್ಯಾಗ ಇಟ್ಕೋಲೇ!"

ಸಿಟ್ಟಿನ ಬಾಯಲ್ಲಿ ಬಂದ ಮಾತು. ಸಂಜೆಗೆ ಪಾಂಡಪ್ಪನೇ ಬಂದು ಕಟ್ಟೆಯ ಮೇಲೆ ಕೂತು, "ಚಾ ಹಾಕಸಪಾ" ಅಂದ. ಅಲ್ಲಿಗೆ ಅವನ ಮಟ್ಟಿಗೆ ಅದು ಮುಗಿದಿತ್ತು. ಅಹ್ಮದಸಾಬನಿಗೆ ಮುಗಿಯಲಿಲ್ಲ. ಹೆಸರು ಕೆಟ್ಟಿತಲ್ಲ ಎಂದು ಅವನಿಗೆ ಊಟ ಸೇರಲಿಲ್ಲ. ಮರುದಿನವೇ ಮಷೀನನ್ನು ಹೊರಕೋಣೆಗೆ ಒಯ್ದ. ಮಧ್ಯಾಹ್ನ ಹಾಸು ಎತ್ತಿದ ಮೇಲೆ ಹೊರಗೆ ಕೊರೆಯಬಹುದಿತ್ತಲ್ಲ ಅನ್ನಬಹುದು. ಕೊರೆದರೆ ಪುಡಿ ಓಣಿಯ ಮಣ್ಣಿಗೇ ಬೀಳುತ್ತದೆ, ಮರುದಿನದ ಗಾಳಿಗೆ ಎದ್ದು ಮತ್ತೆ ಹಾಸಿನ ಮೇಲೆಯೇ ಕೂರುತ್ತದೆ. ಅಷ್ಟು ದೂರ ಯೋಚಿಸುವ ಮನುಷ್ಯ, ಮನೆಯೊಳಗಿನ ಎರಡು ಮಾರಿನ ದೂರವನ್ನು ಯೋಚಿಸಲಿಲ್ಲ.

ಮೊದಲ ದಿನ ಅವನಿಗೆ ಉಸಿರು ಕಟ್ಟಿತು. "ಬಾಗಲಾ ಒಂದೀಟ ತಗದಿಡ್ಲ್ಯಾ?" ಎಂದು ಕೇಳಿದ.

"ತಗದ್ರ ನೋಡ್ರಿ ಮತ್ತ!" ದಸ್ತಗೀರಬಿ ಒಳಗಿನಿಂದ ಗದರಿದಳು. "ಪಾಂಡಪ್ಪಣ್ಣಂದು ಒಂದ ಹಾಸು ಕೆಡಿಸೀರಿ, ಸಾಲದೇನು? ನಿಮಗೇನ ಗೊತ್ತು, ಹಾಸು ಹರದ್ರ ನೇಕಾರನ ಕರಳ ಹರದಂಗ ಆಕ್ಕೈತಿ."

ಹಾಗೆಂದು, ಮಗಳು ಮುಬಶೀರಾ ಕೂಸಾಗಿದ್ದಾಗ ಹೊಲಿದ ಹಳೇ ಕೌದಿಯೊಂದನ್ನು ತಂದು, ಸುರುಳಿ ಸುತ್ತಿ, ಓಣಿಯ ಬಾಗಿಲ ಕೆಳಗಿನ ಸಂದಿಗೆ ತುರುಕಿದಳು. ಕಾಲಿನಿಂದ ಎರಡು ಸಲ ಒದ್ದು ಬಿಗಿ ಮಾಡಿದಳು. "ಈಗ ಕೊರೀರಿ, ಒಂದ ಕಣಾನೂ ಹೊರಗ ಹೋಗೂದಿಲ್ಲ" ಅಂದಳು. ಖರೆ, ಹೊರಗೆ ಒಂದು ಕಣವೂ ಹೋಗಲಿಲ್ಲ.

ವರ್ಷಗಳು ಹೀಗೇ ಹೋದವು. ಅಹ್ಮದಸಾಬ ಮೂಗಿಗೆ ಟವೆಲ್ಲು ಬಿಗಿದು ಕೊರೆಯುತ್ತಿದ್ದ. ಕೊರೋನಾ ಬಂದ ಮೇಲೆ ಒಳ್ಳೇ ಮಾಸ್ಕು ಹಾಕಿಕೊಳ್ಳತೊಡಗಿದ. ಒಂದನ್ನು ಹೆಂಡತಿಗೂ ಕೊಟ್ಟರೆ ಅವಳು ನಕ್ಕಳು. "ಮನ್ಯಾಗ ಕುಂತಾಕಿಗಿ ಯಾತರ ಮಾಸ್ಕು? ನನಗೇನ ಬಾಜಾರದಾಗ ರೋಗ ಹತ್ತತೈತೇನು?" ಕಲ್ಲು ಮುಗಿದರೆ ಅವನು ಅದನ್ನು ಕೂರಿಸಿ ಬರಲು ಗುಡೂರಿಗೋ ಹುನಗುಂದಕ್ಕೋ ಹೋಗುತ್ತಿದ್ದ, ಹೊರಗಿನ ಗಾಳಿ ಕುಡಿಯುತ್ತಿದ್ದ. ಅವಳು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿರುತ್ತಿದ್ದಳು. ನಡುವಿನ ಬಾಗಿಲಿಗೆ ಇದ್ದದ್ದು ಬರೀ ಪರದೆ. ಬೆಳಿಗ್ಗೆ ಮಗ್ಗಕ್ಕೆ ಕೂರುವ ಮೊದಲು ಸೀರೆಯ ಮೇಲಿನ ಬಿಳಿ ಪುಡಿಯನ್ನು ಉಫ್ ಉಫ್ ಎಂದು ಊದುವಳು. "ಸೀರಿಗೆ ಪೌಡರ ಹಚ್ಚೀರಲ್ರಿ, ಮದುಮಗಳ ಹಂಗ!" ಎಂದು ಕಿಚಾಯಿಸುವಳು. ಸಂಜೆ ಎರಡೂ ಕೋಣೆಯನ್ನು ಬಾರಿಗೆ ಹಿಡಿದು ಗುಡಿಸುವಳು. ಪುಡಿ ಎದ್ದು ಬಲ್ಬಿನ ಬೆಳಕೇ ಮಂಕಾಗುತ್ತಿತ್ತು. ಕಸವನ್ನು ಮೊರದಲ್ಲಿ ಹಿಡಿದುಕೊಂಡು, ಓಣಿಯಲ್ಲಿ ಒಂದಿಷ್ಟೂ ಚೆಲ್ಲದ ಹಾಗೆ ಸೆರಗು ಮುಚ್ಚಿ, ದೂರದ ತಿಪ್ಪೆಗೆ ಹಾಕಿ ಬರುತ್ತಿದ್ದಳು.

ಅವಳಿಗೆ ಕೆಮ್ಮು ಯಾವಾಗ ಶುರುವಾಯಿತೆಂದು ಅಹ್ಮದಸಾಬನಿಗೆ ನೆನಪಿಲ್ಲ. ಆ ಮಾತು ಬಂದಾಗಲೆಲ್ಲ ಅವನು ತಲೆ ತಗ್ಗಿಸುತ್ತಾನೆ. ಮೊದಲು ಗಂಜಿಯ ವಾಸನೆಗೆ ಅಂದುಕೊಂಡರು, ಆಮೇಲೆ ಒಗ್ಗರಣೆಗೆ, ಆಮೇಲೆ ಚಳಿಗೆ. ಊರಿನ ದವಾಖಾನೆಯಲ್ಲಿ ಕಫ ನೋಡಿ ಟಿಬಿ ಅಲ್ಲ ಅಂದರು. ಮನೆಯವರು ಸಕ್ಕರೆ ಹಂಚಿದ್ದೊಂದು ಬಾಕಿ. ಆದರೆ ದಸ್ತಗೀರಬಿ ಸೊರಗುತ್ತಲೇ ಹೋದಳು. ಲಾಳಿ ಒಂದಿಷ್ಟು ಸಲ ಓಡುವಷ್ಟರಲ್ಲಿ ನಿಲ್ಲಿಸಿ, ಎದೆ ಹಿಡಿದು, "ತಡೀರಿ, ದಮ್ಮ ಹತ್ತೈತಿ" ಅನ್ನುವಳು. ಜಗಳದಲ್ಲೂ ಅರ್ಧಕ್ಕೇ ನಿಲ್ಲಿಸತೊಡಗಿದಳು. ಆವಾಗ ಅಹ್ಮದಸಾಬನಿಗೆ ಮೊದಲ ಸಲ ಭಯವಾಯಿತು. ಆ ಹೆಂಗಸು ಜಗಳ ಬಿಟ್ಟುಕೊಟ್ಟವಳೇ ಅಲ್ಲ.

ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ಮುಬಶೀರಾಳೂ ಬಂದಳು, ವಿದ್ಯಾಗಿರಿಯಲ್ಲಿ ಕಾಲೇಜು ಓದುತ್ತಿದ್ದ ಅವಳಿಗೆ ಆ ಊರು ಗೊತ್ತು. ವಯಸ್ಸಾದ ಡಾಕ್ಟರಮ್ಮ ಎಕ್ಸರೇ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಲ್ಲಿನ ಕೆಲಸ ಎಷ್ಟ ವರ್ಷದಿಂದ ಮಾಡ್ತೀರಮ್ಮಾ?"

"ನಾ ಅಲ್ರಿ, ಇವ್ರು" ದಸ್ತಗೀರಬಿ ಗಂಡನನ್ನು ತೋರಿಸಿದಳು. "ನಾ ನೇಕಾರಕಿ. ಕಲ್ಲ ಮುಟ್ಟಿಲ್ರಿ ನಾ."

ಡಾಕ್ಟರಮ್ಮ ಅವನ ಎದೆಯದ್ದೂ ಫಿಲ್ಮು ತೆಗೆಸಿದರು. ಎರಡನ್ನೂ ಪಕ್ಕಪಕ್ಕ ಹಚ್ಚಿ ತೋರಿಸಿದರು. ಅವನದರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ಅವಳದರಲ್ಲಿ ಹಿಟ್ಟು ಎರಚಿದ ಹಾಗೆ. ಮನೆ ಹೇಗಿದೆ, ಎಲ್ಲಿ ಕೊರೆಯುತ್ತೀರಿ, ಕಸ ಹೇಗೆ ಗುಡಿಸುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಅಹ್ಮದಸಾಬ ಒಂದೊಂದಕ್ಕೂ ಉತ್ತರ ಹೇಳುತ್ತ ಹೋದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣಗಾಯಿತು.

"ನೋಡ್ರಿ ಅಹ್ಮದಸಾಬ್ರ" ಅಂದರು ಡಾಕ್ಟರಮ್ಮ, ಬೈಯದೆ. "ಕಲ್ಲಿನ ಸಣ್ಣ ಪುಡಿ ಕಣ್ಣಿಗಿ ಕಾಣೂದಿಲ್ಲ, ತಾಸುಗಟ್ಲೆ ಗಾಳ್ಯಾಗ ತೇಲಾಡ್ತೈತಿ. ನೀವು ಮುಖಕ್ಕ ಕಟ್ಕೊಂಡ್ರಿ, ಹೊರಗೂ ಹೋದ್ರಿ. ಇವ್ರು ಮುಚ್ಚಿದ ಕೋಣ್ಯಾಗ ಅದನ್ನ ಕುಡದಾರ, ಬಾರಿಗಿಲೆ ಗುಡಿಸಿ ಮತ್ತ ಎಬ್ಬಿಸ್ಯಾರ. ಒಳಗ ಹೋದ ಕಲ್ಲು ಹೊರಗ ಬರೂದಿಲ್ಲ. ಇನ್ನ ಹೊಸಾದು ಹೋಗದಂಗ ನೋಡ್ಕೋಬೇಕು, ಅಷ್ಟ. ಕಿಟಕಿ ತಗೀರಿ, ಒದ್ದಿ ಅರಿವಿಲೆ ಒರಸ್ರಿ, ಮನ್ಯಾಗ ಕಲ್ಲ ಕೊರಿಬ್ಯಾಡ್ರಿ."

ದಸ್ತಗೀರಬಿ ತನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮಗಳ ರಟ್ಟೆ ಹಿಡಿದು ಮುಂದಕ್ಕೆ ನೂಕಿದಳು. "ಇಕಿದು ನೋಡ್ರಿ ಡಾಕ್ಟರಮ್ಮಾ, ಇಕಿದು ಮೊದಲ ನೋಡ್ರಿ."

ಮುಬಶೀರಾಳ ಫಿಲ್ಮು ಬರುವ ತನಕ ಆ ಮೂವರು ಬೆಂಚಿನ ಮೇಲೆ ಕೂತಿದ್ದ ಹೊತ್ತನ್ನು ಯಾವ ವೈರಿಗೂ ಬಯಸಬಾರದು. ಅಹ್ಮದಸಾಬ ತನ್ನ ಎರಡು ಕೈಗಳನ್ನೇ ನೋಡುತ್ತಿದ್ದ. ಅಕ್ಷರ ಚೆಂದ ಬರುತ್ತವೆಂದು ಊರೆಲ್ಲ ಹೊಗಳಿದ ಕೈ. ಅವನ್ನು ಕಡಿದು ಹಾಕಬೇಕು ಅನ್ನಿಸಿತು. ಕಡೆಗೂ ಮಗಳ ಫಿಲ್ಮು ಸ್ವಚ್ಛ ಬಂತು. ಹುಡುಗಿಗೆ ಕಣ್ಣು ಸ್ವಲ್ಪ ಮಂದ. ಕಂಡಿಕೆಗೆ ನೂಲು ಸುತ್ತಲು ಬೆಳಕು ಸಾಲುವುದಿಲ್ಲ ಎಂದು ಅವ್ವನೇ ಅವಳನ್ನು ಚಿಕ್ಕಂದಿನಿಂದ ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಿದ್ದಳು, ಆಮೇಲೆ ಕಾಲೇಜಿಗೆಂದು ಬಾಗಲಕೋಟೆ ಸೇರಿದಳು. ಆ ಮಂದ ಕಣ್ಣೇ ಎದೆಯನ್ನು ಕಾಯ್ದಿತ್ತು. ದಸ್ತಗೀರಬಿ ಫಿಲ್ಮನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು. "ಎಷ್ಟ ಕರ್ರಗ ಐತಿ ನೋಡ್ರಿ, ನನ್ನ ಸೀರಿ ಒಡಲ ಹಂಗ" ಎಂದು ನಕ್ಕಳು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಊರಿಗೆ ಬಂದವನೇ ಅಹ್ಮದಸಾಬ ಕಿಟಕಿಯ ಹಲಗೆಗೆ ಸುತ್ತಿಗೆಯಿಂದ ಹೊಡೆದ ಹೊಡೆತಕ್ಕೆ ಸಂದಿಯ ನಾಯಿಗಳೆಲ್ಲ ಓಡಿಹೋದವು. ಬಾಗಿಲ ಕೆಳಗಿನ ಕೌದಿಯನ್ನು ಎಳೆದು ಹಳ್ಳಕ್ಕೆ ಒಯ್ದ. ಎಷ್ಟು ಜಾಲಿಸಿದರೂ ಬೂದು ನೀರೇ ಬಿಡುತ್ತಿತ್ತು. ಅದರ ಮೇಲೆಯೇ ಕೂತು, ಗಂಡಸು, ದನಿ ತೆಗೆದು ಅತ್ತ. ಆಮೇಲೆ ಗೋಡೆ, ಜಂತಿ, ಮಗ್ಗದ ಕಂಬ, ಎಲ್ಲವನ್ನೂ ಒದ್ದೆ ಬಟ್ಟೆಯಿಂದ ತಾನೇ ಒರೆಸಿದ. ಗುಜರಿ ಮಾರುವ ಮೋಡಕಾ ಅಂಗಡಿಯಿಂದ, ಒಳಗಿನ ಗಾಳಿಯನ್ನು ಹೊರಗೆ ತಳ್ಳುವ ಹೋಟೆಲಿನ ಹಳೇ ಫ್ಯಾನೊಂದನ್ನು ತಂದು ಹೊರಕೋಣೆಯ ಗೋಡೆ ಕೊರೆದು ಕೂರಿಸಿದ. ಅದು ತಿರುಗಿದರೆ ಮನೆಯೇ ಗಡಗಡ. "ಯವ್ವಾ, ಮನಿ ಹಾರಿ ಹೋದೀತು, ಇಮಾನ ತಂದಾರ" ಎಂದು ದಸ್ತಗೀರಬಿ ಕಿವಿ ಮುಚ್ಚಿಕೊಂಡಳು.

ಕಿಟಕಿಯ ಗಾಳಿಗೆ ಎಳೆ ಹರಿಯತೊಡಗಿತು. ನೇಯುವುದು ಬೇಡವೆಂದು ಅಪ್ಪ ಮಗಳು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಮಗ್ಗದ ಮೇಲಿರುವ ಸೀರೆ ಮುಗಿಸಿಯೇ ಏಳುತ್ತೇನೆಂದು ಹಟ. ಹರಿದ ಎಳೆಗೆ ಗಂಟು ಹಾಕುತ್ತ, "ಮುಚ್ಚರಿ ಆ ಕಿಟಕಿ" ಎಂದು ಗೊಣಗುವಳು. ಆಗ ಮುಬಶೀರಾ ಒಂದು ತಟ್ಟಿನ ಗೋಣಿಚೀಲವನ್ನು ಹರಿದು, ನೀರಲ್ಲಿ ಅದ್ದಿ, ಕಿಟಕಿಗೆ ಪರದೆಯ ಹಾಗೆ ಇಳಿಬಿಟ್ಟಳು. ಗಾಳಿಯೂ ಬಂತು, ತಂಪೂ ಬಂತು, ಎಳೆ ಹರಿಯುವುದೂ ನಿಂತಿತು. ಇತ್ತ ಅಹ್ಮದಸಾಬ ಗುಡೂರಿನ ದಾರಿಯಲ್ಲಿ ಕಲ್ಲು ಕೆತ್ತುವ ರಾಚಯ್ಯನ ತೆರೆದ ತಗಡಿನ ಚಪ್ಪರದ ಕೆಳಗೆ ಕೆಲಸ ಶುರು ಮಾಡಿದ್ದ. ರಾಚಯ್ಯ ಸೀಮೆಸುಣ್ಣದ ಬದಲು ಎಣ್ಣೆಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದ, ತಲೆಯ ಮೇಲೆ ತೂತಿನ ಡಬ್ಬಿ ಕಟ್ಟಿ ಕಲ್ಲಿಗೆ ಹನಿಹನಿ ನೀರು ಬೀಳಿಸುತ್ತಿದ್ದ. ಬಣ್ಣ ಅಳಿಯುತ್ತಿರಲಿಲ್ಲ, ಪುಡಿ ಕೆಸರಾಗಿ ಕೆಳಗೇ ಇಳಿಯುತ್ತಿತ್ತು. ಸಂಜೆ ಅದನ್ನು ಅಹ್ಮದಸಾಬ ಹೆಂಡತಿಗೆ ಹೇಳಿದ. ಅವಳು ಒದ್ದೆ ತಟ್ಟನ್ನು ನೋಡಿದಳು, ಅವನನ್ನು ನೋಡಿದಳು.

"ಇಷ್ಟ ಸಾಕಿತ್ತೇನ್ರಿ?" ಅಂದಳು. "ಒಂದ ತಟ್ಟು, ಒಂದ ಡಬ್ಬಿ ನೀರು?"

ಅವನು ತಟ್ಟಿನ ಮೇಲೆ ಇನ್ನೊಂದಿಷ್ಟು ನೀರು ಚಿಮುಕಿಸಿದ. "ಹೋಗ್ಲಿ ಬಿಡ್ರಿ, ಕೌದಿ ತುರಕಿದಾಕಿ ನಾನ" ಎಂದು ಅವಳೇ ಅವನ ಕೈ ತಟ್ಟಿದಳು.

ಸುದ್ದಿ ತಿಳಿದು ಪಾಂಡಪ್ಪ ಬಂದ. ಒಳಗೆ ಬರಲಾರದೆ ಹೊಸ್ತಿಲ ಹತ್ತಿರ ನಿಂತ. "ತಂಗೀ, ನನ್ನ ನಾಲಿಗಿ ಸೇದಿ ಹೋಗ್ಲಿ. ಮನ್ಯಾಗ ಇಟ್ಕೋ ಅಂದೆ ನಾ" ಎಂದು ಹಣೆ ಬಡಿದುಕೊಂಡ.

"ಸುಮ್ಮನ್ಯಾಕ ಅಳ್ತಿ, ಪಾಂಡಪ್ಪಣ್ಣಾ" ಅಂದಳು ದಸ್ತಗೀರಬಿ, ಒಂದೊಂದು ಮಾತಿಗೂ ನಿಂತು. "ನಿನ್ನ ಜಾಗಾದಾಗ ನಾ ಇದ್ದಿದ್ರ ಇನ್ನೂ ಜಾಸ್ತಿ ಬೈತಿದ್ದೆ. ಹಾಸು ಅಂದ್ರೇನ ಕಡಿಮಿ ಮಾತಾ?"

ಆಮೇಲೆ ಮಳೆಗಾಲ ಬಂತು, ಹೋಯಿತು. ಕಿಟಕಿ ತೆರೆದೇ ಇತ್ತು, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಫಳಫಳ ಹೊಳೆಯುತ್ತಿತ್ತು. ಆ ಮನೆಯ ಗಾಳಿ ಅಷ್ಟು ಚೊಕ್ಕಟವಾಗಿ ಯಾವತ್ತೂ ಇರಲಿಲ್ಲ. ಅದನ್ನು ಎಳೆದುಕೊಳ್ಳಲು ಅವಳ ಎದೆಗೆ ಶಕ್ತಿಯಿರಲಿಲ್ಲ, ಅಷ್ಟೇ. ಮಲಗಿದರೆ ದಮ್ಮು ಕಟ್ಟುತ್ತದೆಂದು ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಸೀರೆ ಮಾತ್ರ ಮುಗಿಸಿದಳು. ಕಡೆಯ ಮೊಳಕ್ಕೆ ಮುಬಶೀರಾ ಪಕ್ಕದಲ್ಲಿ ಕೂತು ಲಾಳಿ ಎಸೆದಳು.

ಚಳಿ ಶುರುವಾದ ಒಂದು ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತು. ಮುಬಶೀರಾ ಫೋನು ಮಾಡಿದಳು, ಆಂಬುಲೆನ್ಸು ಬೇಗ ಬಂತು. ಆದರೆ ಓಣಿಯ ಬಾಯಿಯಲ್ಲೇ ನಿಂತಿತು. ಪಾಂಡಪ್ಪ ಆಗಷ್ಟೇ ಗಂಜಿ ಬಳಿದಿದ್ದ. ಹಾಸು ಈ ತುದಿಯಿಂದ ಆ ತುದಿಗೆ ಹಸಿಹಸಿಯಾಗಿ ಚಾಚಿತ್ತು. ಇಬ್ಬರು ಹುಡುಗರು ಸ್ಟ್ರೆಚರು, ಗಾಳಿಯ ಸಿಲಿಂಡರು ಹಿಡಿದು ಗೋಡೆಗಂಟಿ ಅಡ್ಡಡ್ಡ ಬರಲು ನೋಡಿದರು, ಆಗಲಿಲ್ಲ. ಅಹ್ಮದಸಾಬ ಹೆಂಡತಿಯನ್ನು ತೋಳಲ್ಲೇ ಎತ್ತಿಕೊಂಡು ಹೊರಬಿದ್ದ. ಅವನ ಎದೆಯೂ ಗಟ್ಟಿಯಿರಲಿಲ್ಲ. ಕಟ್ಟೆ ಇಳಿಯುವಷ್ಟರಲ್ಲಿ ದಮ್ಮು ಹತ್ತಿ ಗೋಡೆಗೆ ಒರಗಿದ.

"ತಡೀರಿ" ಅಂದಳು ದಸ್ತಗೀರಬಿ. ಸಣ್ಣ ದನಿ, ಆದರೆ ಹಳೇ ಜಗಳದ ದನಿ. "ಹಾಸು ಹಸಿ ಐತಿ. ಧೂಳ ಎಬ್ಬಸಬ್ಯಾಡ್ರಿ. ಒಣಗ್ಲಿ, ಹೋಗೂಣು."

ಪಾಂಡಪ್ಪ ಅದನ್ನು ಕೇಳಿಸಿಕೊಂಡ. ಕುಂಚ ಬಿಸಾಕಿ ಒಳಗೆ ಓಡಿ ಕುಡುಗೋಲು ತಂದ. "ಸುಡ್ಲಿ ನನ್ನ ಹಾಸು!" ಎಂದು ಕೂಗುತ್ತ ನಡುವಿಗೇ ಬೀಸಿದ. ಬಿಗಿಯಾಗಿ ನಿಂತಿದ್ದ ಎಳೆಗಳು ಒಂದೇ ಸಲಕ್ಕೆ ಸಿಡಿದು ಎರಡೂ ಕಡೆ ಮಣ್ಣಿಗೆ ಬಿದ್ದವು. ಅವನು ಅವುಗಳನ್ನು ತುಳಿದುಕೊಂಡೇ ಬಂದು, ಅವಳನ್ನು ಏರಿಸಿದ ಸ್ಟ್ರೆಚರಿಗೆ ಕೈ ಕೊಟ್ಟ.

ಆಗ ದಸ್ತಗೀರಬಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಣ್ಣಲ್ಲಿ ಬಿದ್ದ ಆ ಹಾಸಿನ ಕಡೆಯಿಂದ ಮುಖ ತಿರುಗಿಸಿ, ಗೋಡೆಯ ಕಡೆ ಕೆಮ್ಮಿದಳು. ಅದನ್ನು ನೋಡಿದ್ದು ಅಹ್ಮದಸಾಬ ಒಬ್ಬನೇ.

ಗಾಡಿ ಹುನಗುಂದ ದಾಟಲಿಲ್ಲ.

ವಾಪಸು ಬರುವಾಗ ಓಣಿ ಪೂರ್ತಿ ಖಾಲಿಯಿತ್ತು, ಗಾಡಿ ಸೀದಾ ಬಾಗಿಲ ತನಕ ಬಂತು. ಕಡಿದ ಎಳೆಗಳನ್ನು ಯಾರೂ ಎತ್ತಿರಲಿಲ್ಲ. ಗಂಜಿ ಒಣಗಿ ಮಣ್ಣಿನ ಜೊತೆ ಗಟ್ಟಿಯಾಗಿದ್ದವು. ಅವಳನ್ನು ಇಳಿಸಿದರು. ಜನ ತುಂಬಿ ಬಂದರು, ಧೂಳೆದ್ದಿತು. ಅಹ್ಮದಸಾಬ ಹೊಸ್ತಿಲಲ್ಲಿ ನಿಂತವನು ಅಭ್ಯಾಸಬಲದಿಂದ ಬಾಗಿಲು ಎಳೆದುಕೊಳ್ಳಲು ಕೈ ಚಾಚಿದ. ಪಾಂಡಪ್ಪ ಆ ಕೈ ಹಿಡಿದುಕೊಂಡ.

"ಬ್ಯಾಡೋ ಅಹ್ಮದಾ" ಅಂದ. "ತಗದ ಇರ್ಲಿ."